ನಲವತ್ತು ಹೆಜ್ಜೆ

ಫೆಬ್ರವರಿ 4

ಗುಬ್ಬಿ,

ನಿನ್ನ ಪತ್ರ ಬರಲು ಹತ್ತು ದಿನ ಹಿಡಿಯಿತು. ಊರ ಗೇಟಿನಲ್ಲಿ ಅಂಚೆಚೀಲಗಳನ್ನು ಐದು ದಿನ ಬಿಸಿ ಕೋಣೆಯಲ್ಲಿ ಕೂಡಿಹಾಕಿ, ಅಂಟಿಕೊಂಡ ರೋಗವೆಲ್ಲ ಸತ್ತ ಮೇಲೆ ಹಂಚುತ್ತಾರೆ. ಫೋನು, ತಂತಿ ಎರಡೂ ಈಗ ಸರಕಾರಿ ಕೆಲಸಕ್ಕೆ ಮಾತ್ರ. ಹಾಗಾಗಿ ನಮ್ಮ ಮಾತುಕತೆ ಇನ್ನು ಹೀಗೇ. ನೀನು ಅಲ್ಲಿ ಸೀನಿದರೆ ನನಗೆ ಹತ್ತು ದಿನದ ಮೇಲೆ ಕೇಳಿಸುತ್ತದೆ.

ಸ್ಕೂಲು ಮುಚ್ಚಿತು ಎಂದು ಬರೆದಿದ್ದೆನಲ್ಲ, ಲೆಕ್ಕದ ಮೇಡಮ್ಮಿಗೆ ಸರಕಾರ ಈಗ ಹೊಸ ಲೆಕ್ಕ ಕೊಟ್ಟಿದೆ. ಬಾಗಿಲು ಹಾಕಿರುವ ಸಿನಿಮಾ ಟಾಕೀಸಿನ ಮೂಲೆಯಲ್ಲಿ ನನಗೊಂದು ಸ್ಟೂಲು. ಬಲಗೈಯಲ್ಲೊಂದು, ಎಡಗೈಯಲ್ಲೊಂದು ಎಣಿಸುವ ಯಂತ್ರ, ಹೆಬ್ಬೆರಳಲ್ಲಿ ಒತ್ತಿದರೆ ಟಿಕ್ ಎಂದು ಒಂದು ಅಂಕಿ ಮುಂದೆ ಹೋಗುತ್ತದೆ. ಮೂಗು ಬಾಯಿ ಎರಡೂ ಮುಚ್ಚಿ ಮಾಸ್ಕ್ ಹಾಕಿದವರು ದಾಟಿದರೆ ಬಲಗೈ. ಮಾಸ್ಕ್ ಇಲ್ಲದವರು, ಗಲ್ಲಕ್ಕೆ ಇಳಿಸಿಕೊಂಡವರು, ಮೂಗು ಹೊರಗೆ ಬಿಟ್ಟವರು ಎಡಗೈ. ಬೆಳಿಗ್ಗೆ ಎಂಟರಿಂದ ಹನ್ನೆರಡು, ಸಂಜೆ ನಾಲ್ಕರಿಂದ ಆರು. ನೂರಕ್ಕೆ ಎಷ್ಟು ಎಂದು ಬರೆದು ಕೊಟ್ಟರೆ ಕಚೇರಿಯ ಜೀಪು ನನ್ನನ್ನು ಮನೆ ಬಾಗಿಲಿಗೆ ಬಿಟ್ಟುಹೋಗುತ್ತದೆ. ಈ ವಯಸ್ಸಿನಲ್ಲಿ ಜೀಪಿನ ಯೋಗ ನೋಡು.

ನೆಲದ ಮೇಲೆ ಬಿಳಿ ಬಣ್ಣದಲ್ಲಿ ಚೌಕ ಬರೆದಿದ್ದಾರೆ, ಸ್ಟೂಲು ಅದರಾಚೆ ಹೋಗಕೂಡದು. ಜಾಗ ಬದಲಾದರೆ ಇವತ್ತಿನ ಅಂಕಿಯನ್ನು ನಿನ್ನೆಯ ಅಂಕಿಯ ಪಕ್ಕ ಇಡಲು ಬರುವುದಿಲ್ಲವಂತೆ. ಮೇಲಿನ ತಿರುವಿನಿಂದ ಕೆಳಗಿನ ತಿರುವಿಗೆ ನಲವತ್ತು ಹೆಜ್ಜೆ. ಅಷ್ಟು ನನ್ನ ರಾಜ್ಯ. ದಾಟುವವರ ಜೊತೆ ಮಾತಾಡುವಂತಿಲ್ಲ, ಕಣ್ಸನ್ನೆ ಕೂಡ ಮಾಡುವಂತಿಲ್ಲ. ಮಾಡಿದರೆ ಜನ ನನಗೋಸ್ಕರ ಹಾಕಿಕೊಳ್ಳುತ್ತಾರೆ, ಲೆಕ್ಕ ಕೆಡುತ್ತದೆ.

ಇನ್ನು ನಿನಗೆ ಬೇಕಾದ ವಿಷಯ. ಸತತ ಇಪ್ಪತ್ತೊಂದು ದಿನ ನೂರಕ್ಕೆ ತೊಂಬತ್ತು ಬಂದರೆ ಗೇಟು ತೆರೆಯುತ್ತಾರೆ, ಹೊರಗೆ ಉಳಿದವರು ಒಳಗೆ ಬರಬಹುದು. ನಿನ್ನೆಯ ಅಂಕಿ ಐವತ್ತೆಂಟು.

ನಿನ್ನ ಹೆಂಡತಿಗೆ ಆರು ತಿಂಗಳು ತುಂಬಿತು. ಮೇ ಮೊದಲ ವಾರ ಎಂದಿದ್ದಾರೆ ಡಾಕ್ಟರು. ಒಂದು ಮನೆಯವರು ಇನ್ನೊಂದು ಮನೆಗೆ ಕಾಲಿಡಬಾರದೆಂದು ನಿಯಮವಾದ್ದರಿಂದ ನಾನು ನಿಮ್ಮ ಮನೆಗೆ ಹೋಗಿ ತಿಂಗಳಾಯಿತು. ಹಾಲು ತರಲು ದಿನಕ್ಕೆ ಎರಡು ಸಲ ಮೂಲೆ ದಾಟುತ್ತಾಳೆ, ಆಗ ನೋಡುತ್ತೇನೆ. ನಿನ್ನೆ ಮಾಸ್ಕಿನೊಳಗೇ ನಕ್ಕಳು, ಕಣ್ಣಿನಲ್ಲಿ ಗೊತ್ತಾಯಿತು. ನಾನು ಕತ್ತು ಕೂಡ ಆಡಿಸಲಿಲ್ಲ. ಬಲಗೈ ಒತ್ತಿದೆ.

ಅಕ್ಕ


ಫೆಬ್ರವರಿ 15

ಅಕ್ಕಾ,

ನೀನು ಕೈಯಲ್ಲಿ ಯಂತ್ರ ಹಿಡಿದು ಕೂತಿರುವುದನ್ನು ನೆನೆಸಿಕೊಂಡು ಕ್ರೇನಿನ ಗೂಡಿನಲ್ಲಿ ಒಬ್ಬನೇ ನಕ್ಕೆ. ನಿನ್ನ ಹತ್ತಿರ ಸೊನ್ನೆ ತೆಗೆದುಕೊಂಡವರೆಲ್ಲ ಈಗ ದೊಡ್ಡವರಾಗಿ ಮತ್ತೆ ನಿನ್ನ ಮುಂದೆಯೇ ಹಾದುಹೋಗಬೇಕು. ಪಾಪ.

ಇಲ್ಲಿಯ ಸುದ್ದಿ ಇಷ್ಟೇ. ಮುಚ್ಚಿದ ಊರಿನವರನ್ನೆಲ್ಲ ಬಂದರಿನ ಒಂದೇ ಶೆಡ್ಡಿನಲ್ಲಿ ಇಟ್ಟಿದ್ದಾರೆ, ನಲವತ್ತು ಮಂಚ. ನಮ್ಮ ನಮ್ಮ ಊರಿನ ಗೇಟು ತೆರೆಯುವ ತನಕ ಯಾರನ್ನೂ ಬಿಡುವುದಿಲ್ಲ. ಗಂಟೆಗೊಮ್ಮೆ ಮೇಸ್ತ್ರಿ ಗಂಟೆ ಬಾರಿಸುತ್ತಾನೆ, ಎಲ್ಲರೂ ಕೈ ತೊಳೆದು ಪುಸ್ತಕದಲ್ಲಿ ಸಹಿ ಹಾಕಬೇಕು. ನಲ್ಲಿಯಲ್ಲಿ ನೀರು ನಿಂತು ಹನ್ನೆರಡು ದಿನವಾಯಿತು. ಗಂಟೆ ಬಾರಿಸುತ್ತಿದೆ, ಸಹಿ ಆಗುತ್ತಿದೆ. ಮೊನ್ನೆ ಮೇಲಿನಿಂದ ಬಂದವರು ಪುಸ್ತಕ ನೋಡಿ ಬೆನ್ನು ತಟ್ಟಿ ಹೋದರು. ಅಕ್ಕಾ, ಅವರಿಗೆ ಬೇಕಾಗಿರುವುದು ಪುಸ್ತಕ, ನಮ್ಮ ಕೈಯಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಬೈಯಬೇಡ. ನಿನ್ನ ಬಲ ಹೆಬ್ಬೆರಳಿಗೆ ದಿನಾ ಸ್ವಲ್ಪ ಜಾಸ್ತಿ ಕೆಲಸ ಕೊಡಲಾಗುವುದಿಲ್ಲವೇ? ಯಾರಿಗೆ ಗೊತ್ತಾಗುತ್ತದೆ? ಹೋದ ಸಲದ ಮಗು ಕೈ ತಪ್ಪಿದಾಗ ನಾನು ಇದೇ ಬಂದರಿನಲ್ಲಿ, ಇದೇ ಗೂಡಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದೆ. ಮೂರು ದಿನವಾದ ಮೇಲೆ ತಿಳಿಯಿತು. ಈ ಸಲ ಪಕ್ಕದಲ್ಲೇ ಇರುತ್ತೇನೆ ಎಂದು ಅವಳ ಕೈ ಹಿಡಿದು ಹೇಳಿ ಬಂದಿದ್ದೇನೆ. ಅವಳು ನನ್ನನ್ನೇ ನೋಡಿದಳು. ಆ ನೋಟ ನನ್ನನ್ನು ಬಿಡುತ್ತಿಲ್ಲ.

ಗುಬ್ಬಿ


ಫೆಬ್ರವರಿ 26

ತಮ್ಮನಿಗೆ,

ನಿನ್ನ ಪತ್ರ ಓದಿ ಮಡಿಸಿ ಇಟ್ಟು, ಕೋಪ ಇಳಿಯಲಿ ಎಂದು ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಇಳಿದಿಲ್ಲ.

ನಾನು ಐವತ್ತೆಂಟನ್ನು ತೊಂಬತ್ತು ಎಂದು ಬರೆದರೆ ಗೇಟು ತೆರೆಯುತ್ತದೆ, ನಿಜ. ನಿನ್ನ ಹಿಂದೆ ಇನ್ನೇನು ಒಳಗೆ ಬರುತ್ತದೆ ಎಂದು ಯೋಚಿಸಿದೆಯಾ? ಹೋದ ವಾರ ನಮ್ಮ ಬೀದಿಯಿಂದ ಮೂರು ಜನರನ್ನು ಬಿಳಿ ಗಾಡಿಯಲ್ಲಿ ಒಯ್ದರು. ಇಬ್ಬರು ವಾಪಸ್ ಬರಲಿಲ್ಲ. ಬಸುರಿಯರಿಗೆ ಬಂದರೆ ಇನ್ನೂ ಕಷ್ಟ ಎಂದು ಗೋಡೆಗೋಡೆಗೂ ಅಂಟಿಸಿದ್ದಾರೆ. ನನ್ನ ಅಂಕಿ ಸುಳ್ಳಾದರೆ ಅದರ ಪೆಟ್ಟು ಯಾರ ಮೈಮೇಲೆ ಬೀಳುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕೇ?

ಜನರೇನೋ ಹಾಗೇ ಇದ್ದಾರೆ. ಬೇಕರಿಯವನು ಮಾಸ್ಕನ್ನು ತಲೆಯ ಮೇಲೆ ಟೋಪಿಯ ಹಾಗೆ ಇಟ್ಟುಕೊಂಡು ಬರುತ್ತಾನೆ. ಬ್ಯಾಂಕಿನ ಗುಮಾಸ್ತರು ನನ್ನನ್ನು ಕಂಡ ಕೂಡಲೇ ಕರವಸ್ತ್ರ ಹುಡುಕುತ್ತಾರೆ, ಅದು ಸಿಗುವಷ್ಟರಲ್ಲಿ ನಲವತ್ತು ಹೆಜ್ಜೆ ಮುಗಿದಿರುತ್ತದೆ. ಒಬ್ಬಳು ಹೆಂಗಸು ಸ್ಟೂಲಿನ ಮುಂದೆ ನಿಂತು, "ಉಸಿರು ಕಟ್ಟುತ್ತೆ ಮೇಡಂ, ನೀವೇ ಹಾಕ್ಕೊಂಡು ಒಂದು ಮೆಟ್ಟಿಲು ಹತ್ತಿ ನೋಡಿ" ಎಂದಳು. ಉತ್ತರ ಕೊಡುವಂತಿಲ್ಲ. ಎಡಗೈ ಒತ್ತಿದೆ. ಈ ವಾರದ ಸರಾಸರಿ ಅರವತ್ತೊಂದು.

ಮೂರು ಅಂಕಿ ಮೇಲೆ ಹೋಗಲು ಮೂರು ವಾರ ಬೇಕಾಯಿತು. ಹೀಗೇ ಹೋದರೆ ನೀನು ಬರುವಷ್ಟರಲ್ಲಿ ನಿನ್ನ ಮಗು ನಡೆಯಲು ಕಲಿತಿರುತ್ತದೆ. ನನಗೆ ಹೊಟ್ಟೆ ಉರಿಯುವುದಿಲ್ಲವೇ? ಆದರೂ ಇನ್ನೊಂದು ಸಲ ಇದನ್ನು ಕೇಳಬೇಡ.

ಅಕ್ಕ


ಮಾರ್ಚ್ 8

ಅಕ್ಕಾ,

ತಪ್ಪಾಯಿತು. ಹೊಟ್ಟೆಗೆ ಹಾಕಿಕೋ. ನೀನು ಹೇಳಿದ್ದೇ ಸರಿ, ನಿನ್ನ ಅಂಕಿ ನಿನ್ನದು. ಇನ್ನು ಅದರಲ್ಲಿ ನಾನು ಮೂಗು ತೂರಿಸುವುದಿಲ್ಲ.

ಸುಮ್ಮನೆ ತಿಳಿಯೋಣವೆಂದು ಕೇಳುತ್ತೇನೆ, ಬೇರೇನಿಲ್ಲ. ತಿರುವಿನಾಚೆ ಜನ ಮಾಸ್ಕ್ ತೆಗೆದರೋ ಬಿಟ್ಟರೋ ಎಂದು ನೋಡಲು ಬೇರೆ ಯಾರಾದರೂ ಇದ್ದಾರೆಯೇ, ನೀನೊಬ್ಬಳೇ ಏನು?

ನಮ್ಮ ಕಾಜಾನಿಗೂ ಇವತ್ತು ಒಂದು ಪತ್ರ ಹಾಕುತ್ತಿದ್ದೇನೆ. ಹೊಲಿಗೆ ಕೆಲಸವಿಲ್ಲದೆ ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದಾನಂತೆ. ಅವನು ನನ್ನ ಜೊತೆ ಓದಿದವನು ಎಂಬ ಒಂದೇ ಕಾರಣಕ್ಕೆ ನಿನಗೆ ಅವನನ್ನು ಕಂಡರೆ ಆಗುವುದಿಲ್ಲ. ಪಾಪದವನು, ನನಗಾಗಿ ಏನು ಬೇಕಾದರೂ ಮಾಡುತ್ತಾನೆ.

ನಲ್ಲಿಗೆ ನೀರು ಇನ್ನೂ ಬಂದಿಲ್ಲ. ನನ್ನ ಸಹಿ ಮಾತ್ರ ದಿನೇ ದಿನೇ ಚಂದವಾಗುತ್ತಿದೆ.

ಗುಬ್ಬಿ


ಮಾರ್ಚ್ 24

ನನ್ನ ಗುಬ್ಬಿ,

ಇವತ್ತು ಬರೆಯದೆ ಇರಲು ಆಗಲಿಲ್ಲ. ತೊಂಬತ್ತೆರಡು! ಮೊದಲು ಇದನ್ನು ಓದಿಕೋ, ಆಮೇಲೆ ಉಳಿದದ್ದು.

ಹದಿನೆಂಟನೆಯ ತಾರೀಖು ಎಪ್ಪತ್ತು ಬಂತು. ನನ್ನ ಯಂತ್ರ ಕೆಟ್ಟಿದೆ ಅಂದುಕೊಂಡೆ. ಹತ್ತೊಂಬತ್ತಕ್ಕೆ ಎಂಬತ್ತೊಂದು. ಇಪ್ಪತ್ತೊಂದರಿಂದ ತೊಂಬತ್ತರ ಕೆಳಗೆ ಇಳಿದಿಲ್ಲ. ನಾಲ್ಕು ದಿನವಾಯಿತು, ಇನ್ನು ಹದಿನೇಳು. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಒಂದು ತರಗತಿ ಇಷ್ಟು ಬೇಗ ದಾರಿಗೆ ಬಂದದ್ದನ್ನು ನೋಡಿಲ್ಲ. ಬೇಕರಿಯವನು ಕೂಡ ಮೂಗಿನ ಮೇಲೆ ಎಳೆದುಕೊಂಡು, ಎದೆ ಸೆಟೆಸಿಕೊಂಡು ದಾಟುತ್ತಾನೆ. ಜನರ ಬಗ್ಗೆ ನಾನು ಕೆಟ್ಟದಾಗಿ ಯೋಚಿಸುತ್ತಿದ್ದೆ, ಅವರಿಗೆ ಸ್ವಲ್ಪ ಸಮಯ ಬೇಕಾಗಿತ್ತು ಅಷ್ಟೇ.

ನಿನ್ನ ಪ್ರಶ್ನೆಗೆ ಉತ್ತರ. ತಿರುವಿನಾಚೆ ನೋಡಲು ಯಾರೂ ಇಲ್ಲ. ಇಲ್ಲಿ ಹಾಕಿಕೊಂಡವರು ಅಲ್ಲಿ ಯಾಕೆ ತೆಗೆಯುತ್ತಾರೆ?

ನಿನ್ನ ಕಾಜಾನ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿಸಿಕೊಂಡೆ. ಬಹಳ ಜನರ ಮುಖದ ಮೇಲೆ ಒಂದೇ ಬಟ್ಟೆ, ಕೋಟಿನ ಒಳಗೆ ಹಾಕುತ್ತಾರಲ್ಲ, ಆ ಕಂದು ಚೌಕಳಿ ಲೈನಿಂಗು. ಅವನೇ ಹೊಲಿದು ಹಂಚುತ್ತಿದ್ದಾನೆಂದು ಜೀಪಿನ ಡ್ರೈವರ್ ಹೇಳಿದ. ಹೊಲಿಗೆ ಮಾತ್ರ ಅವನ ಹಣೆಬರಹದ ಹಾಗೆಯೇ ಇದೆ. ಬೆಳಿಗ್ಗೆ ಪೋಸ್ಟ್‌ಮ್ಯಾನ್ ಹಾಕಿಕೊಂಡಿದ್ದ ಮಾಸ್ಕಿನ ಎಡಗಡೆ ಲಾಡಿ ಕಿತ್ತು ಬಿಳಿ ದಾರದ ಗಂಟು ಹಾಕಿತ್ತು. ಹತ್ತು ಗಂಟೆಗೆ ಬೇಕರಿಯವನ ಮಾಸ್ಕಿಗೂ ಎಡಗಡೆ ಅದೇ ಗಂಟು, ಹನ್ನೊಂದಕ್ಕೆ ಬ್ಯಾಂಕಿನವರದ್ದಕ್ಕೂ ಅದೇ. ಎಲ್ಲದಕ್ಕೂ ಒಂದೇ ಜಾಗದಲ್ಲಿ ಕೆಟ್ಟದಾಗಿ ಹೊಲಿಯುವುದೂ ಒಂದು ವಿದ್ಯೆ.

ನಿನ್ನ ಹೆಂಡತಿ ಗೆಲುವಾಗಿದ್ದಾಳೆ. ಈಗ ಚೆನ್ನಾಗಿ ನಡೆಯುತ್ತಾಳೆ. ನಿನ್ನೆ ಬೆಳಗಿನ ಪಾಳಿಯ ನಾಲ್ಕು ತಾಸಿನಲ್ಲಿ ಅವಳನ್ನು ಹನ್ನೊಂದು ಸಲ ಎಣಿಸಿದೆ. ಕೆಳಗಿನಿಂದ ಬಟ್ಟೆಚೀಲ ತುಂಬಿಕೊಂಡು ಮೇಲೆ ಹೋಗುತ್ತಾಳೆ, ಖಾಲಿ ಚೀಲ ಹಿಡಿದು ಇಳಿಯುತ್ತಾಳೆ. ಕಾಜಾನ ಅಂಗಡಿಗೆ ಏನೋ ಬಟ್ಟೆ ಒಯ್ಯುತ್ತಾಳೆ ಅಂತ ಕಾಣುತ್ತದೆ. ಪ್ರತಿ ಸಲವೂ ಮಾಸ್ಕ್ ಸರಿಯಾಗಿ ಇತ್ತು. ಅವಳ ಪುಣ್ಯದಿಂದ ನನ್ನ ಅಂಕಿ ಇನ್ನೂ ಮೇಲಕ್ಕೆ.

ಅಕ್ಕ


ಏಪ್ರಿಲ್ 3

ಅಕ್ಕಾ,

ತೊಂಬತ್ತೆರಡು ಎಂದು ಓದಿ ಮಂಚದ ಮೇಲೆ ಎದ್ದು ಕೂತೆ. ಆಮೇಲೆ ಕೊನೆಯ ಸಾಲುಗಳನ್ನು ಓದಿದೆ.

ಅವಳು ಅಷ್ಟೊಂದು ನಡೆಯುವುದು ಬೇಡ. ಹನ್ನೊಂದು ಸಲ ಯಾಕೆ? ಎಂಟನೆಯ ತಿಂಗಳು. ನೀನು ಅವಳಿಗೊಂದು ಚೀಟಿ ಕಳಿಸಿ ಮನೆಯಲ್ಲೇ ಇರಲು ಹೇಳು, ನಾನು ಹೇಳಿದೆ ಅಂತ ಹೇಳು. ಆ ಚೀಲ ಹೊರುವುದು ಬೇಡ. ಕಾಜಾನಿಗೂ ಹೇಳಿ ಕಳಿಸು, ಅವಳ ಕೈಯಲ್ಲಿ ಯಾವ ಕೆಲಸವನ್ನೂ ಮಾಡಿಸಬಾರದು ಅಂತ. ಅವರಿಬ್ಬರಿಗೂ ನಾನೇ ಬರೆದು ಹಾಕಿದ್ದೇನೆ, ಆದರೂ ನಿನ್ನ ಮಾತಿಗೆ ತೂಕ ಹೆಚ್ಚು.

ಯಾಕೆ ಏನು ಎಂದು ಕೇಳಬೇಡ. ಗಂಡನಾದವನಿಗೆ ಇಷ್ಟಾದರೂ ಭಯ ಇರಬಾರದೇ?

ಇನ್ನು ಎಷ್ಟು ದಿನ ಉಳಿಯಿತು, ಬರೆ.

ಗುಬ್ಬಿ


ಏಪ್ರಿಲ್ 9

ಅಕ್ಕಾ,

ಮೂರಕ್ಕೆ ಬರೆದ ಪತ್ರದಲ್ಲಿ ನಿನ್ನಿಂದ ಮುಚ್ಚಿಟ್ಟೆ. ಇವತ್ತು ಅವಳದೇ ಪತ್ರ ಬಂತು. ಇನ್ನು ಮುಚ್ಚಿಡಲು ಆಗುವುದಿಲ್ಲ. ಓದಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಡು. ಇನ್ನೊಂದು ಮನೆಗೆ ಕಾಲಿಡಬಾರದೆಂಬ ನಿಯಮವೆಲ್ಲ ಆಮೇಲೆ.

ನಿನ್ನ ಜನ ಬದಲಾಗಿಲ್ಲ. ನಾನು ಕಾಜಾನಿಗೆ ಬರೆದೆ. ಜನರಿಗೆ ದಿನವಿಡೀ ಹಾಕಿಕೊಳ್ಳುವುದು ಕಷ್ಟ, ನಲವತ್ತು ಹೆಜ್ಜೆ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಅಕ್ಕ ಕೂರುವ ಮೂಲೆಗೆ ಮೊದಲು, ಮೇಲಿನ ತಿರುವಿನಾಚೆ ನಿನ್ನ ಅಂಗಡಿ, ಅಲ್ಲಿ ಒಂದೊಂದು ಮಾಸ್ಕ್ ಕೊಡು, ಕೆಳಗಿನ ತಿರುವಿನ ಫೋಟೋ ಸ್ಟುಡಿಯೋ ಹತ್ತಿರ ವಾಪಸ್ ತೆಗೆದುಕೋ ಅಂತ. ನೀನು ಸುಳ್ಳು ಬರೆಯಬೇಕಾಗಿಲ್ಲ, ಗೇಟೂ ತೆರೆಯುತ್ತದೆ, ಯಾರಿಗೂ ನಷ್ಟವಿಲ್ಲ ಅಂದುಕೊಂಡೆ. ಎಂಬತ್ತು ಮಾಸ್ಕ್ ಹೊಲಿದಿದ್ದಾನೆ. ಎಂಬತ್ತೇ. ದಿನಕ್ಕೆ ಅದರಲ್ಲೇ ಸಾವಿರ ಜನ ದಾಟುತ್ತಾರೆ. ಒಬ್ಬರ ಬಾಯಿಂದ ಬಿಚ್ಚಿ ಇನ್ನೊಬ್ಬರ ಬಾಯಿಗೆ. ನೀನು ನೋಡಿದ ಗಂಟು ಒಂದೇ ಗಂಟು, ಅಕ್ಕಾ.

ವಾಪಸ್ ತರಲು ಒಬ್ಬರು ಬೇಕು, ನಂಬಿಕಸ್ತರು ಸಿಕ್ಕಿದ್ದಾರೆ ಅಂತ ಕಾಜಾ ಬರೆದಿದ್ದ. ಯಾರೆಂದು ಬರೆಯಲಿಲ್ಲ, ನಾನು ಕೇಳಲಿಲ್ಲ. ನಿನ್ನ ಪತ್ರದಲ್ಲಿ ಚೀಲದ ಮಾತು ಓದಿದಾಗ ಅದು ಅವಳೇ ಎಂದು ಗೊತ್ತಾಯಿತು. ಆದರೂ ನಿಜ ಹೇಳಿದರೆ ನೀನು ಕಚೇರಿಗೆ ಹೋಗಿ ಹೇಳಿಯೇ ತೀರುತ್ತೀಯ, ಇಪ್ಪತ್ತೊಂದು ದಿನ ಮಣ್ಣುಪಾಲಾಗುತ್ತದೆ ಎಂದು ಸುತ್ತಿಬಳಸಿ ಬರೆದೆ.

ಅವಳು ಬರೆದಿರುವುದನ್ನು ಹಾಗೇ ಕೆಳಗೆ ಇಳಿಸಿದ್ದೇನೆ: "ನೀವು ಬರ್ತೀರಲ್ಲ ಅಂತ ಚೀಲ ಭಾರಾನೇ ಅನ್ಸಲ್ಲ. ಒದ್ದೆ ಇರ್ತವೆ, ಒಂದೊಂದಾಗಿ ಕೊಡವಿ ಜೋಡಿಸಿಡ್ತೀನಿ. ನಿಮ್ಮ ಅಕ್ಕನ ಮುಂದೆ ಹೋಗುವಾಗ ನಗು ತಡ್ಕೊಳೋದೇ ಕಷ್ಟ."

ಆ ಚೀಲ ಕಿತ್ತುಕೋ. ಸುಟ್ಟುಹಾಕು. ಕಚೇರಿಗೆ ಹೇಳಬೇಕಾದರೆ ಹೇಳು, ಗೇಟು ಮುಚ್ಚಿದರೆ ಮುಚ್ಚಲಿ. ಅವಳು ಉಳಿದರೆ ಸಾಕು.

ಗುಬ್ಬಿ


ಏಪ್ರಿಲ್ 13

ಗುಬ್ಬಿ,

ನಿನ್ನ ಮೂರನೆಯ ತಾರೀಖಿನ ಪತ್ರ ನಿನ್ನೆ ಬಂತು. ಓದಿ ನಗು ಬಂತು. ಬಸುರಿ ನಡೆದರೆ ಒಳ್ಳೆಯದು ಮಾರಾಯ, ಡಾಕ್ಟರೇ ಹೇಳುತ್ತಾರೆ. ಹೆಂಡತಿ ಟೈಲರ್ ಅಂಗಡಿಗೆ ನಾಲ್ಕು ಬಟ್ಟೆ ಒಯ್ದರೆ ನಿನ್ನ ಮರ್ಯಾದೆ ಎಲ್ಲಿ ಹೋಗುತ್ತದೆ? ಊರಿಗೆಲ್ಲ ಮಾಸ್ಕ್ ಹಂಚುವ ಕೆಲಸಕ್ಕೆ ಕೈ ಹಾಕಿದ್ದಾಳೆ, ಹೆಮ್ಮೆ ಪಡು. ಇಷ್ಟು ಬಿಗಿ ಗಂಡ ನೀನು ಯಾವಾಗಿನಿಂದ ಆದೆ?

ಆದರೂ ನಿನ್ನ ಮಾತು ಗೆದ್ದಿತು. ಮೂರು ದಿನದಿಂದ ಅವಳು ಮೂಲೆಯಲ್ಲಿ ಕಾಣಿಸಲಿಲ್ಲ. ನೀನು ಹೇಳಿದಂತೆ ಚೀಟಿ ಕಳಿಸಿದೆ. ಪಕ್ಕದ ಮನೆಯವರ ಕೈಯಲ್ಲಿ ಉತ್ತರ ಬಂತು, ಸ್ವಲ್ಪ ನೆಗಡಿ, ಮಲಗಿದ್ದೇನೆ, ಅವರಿಗೆ ಬರೆಯಬೇಡಿ ಅಂತ. ನಿನ್ನ ಮಾತು ಕೇಳಿ ಮಲಗಿದ್ದಾಳೆ ಎನ್ನಲು ನಾಚಿಕೆ, ಅದಕ್ಕೆ ನೆಗಡಿಯ ನೆಪ. ನನಗೆ ಅರ್ಥವಾಗದೇ?

ಈಗ ದೊಡ್ಡ ಸುದ್ದಿ. ಇಪ್ಪತ್ತೊಂದು ದಿನ ಮೊನ್ನೆ ಹತ್ತಕ್ಕೆ ಮುಗಿಯಿತು, ಒಂದು ದಿನವೂ ತಪ್ಪಲಿಲ್ಲ. ಇಪ್ಪತ್ತೇಳಕ್ಕೆ ಗೇಟು ತೆರೆಯುತ್ತಾರೆ. ಸಾಹೇಬರು ಕಚೇರಿಯಲ್ಲಿ ಎಲ್ಲರೆದುರು, "ಈ ಊರಿನ ಜನರನ್ನ ನೋಡಿ ಬೇರೆ ಊರಿನವರು ಕಲೀಬೇಕು" ಎಂದರು. ನನ್ನ ಹಾಳೆಗಳನ್ನು ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರಂತೆ. ಒಂದು ಅಂಕಿಯೂ ಸುಳ್ಳಿಲ್ಲದೆ ನಿನ್ನನ್ನು ಮನೆಗೆ ತಂದೆ, ನೋಡಿದೆಯಾ. ನನಗೆ ಇಷ್ಟು ಸಂತೋಷವಾಗಿ ಎಷ್ಟೋ ವರ್ಷವಾಯಿತು.

ಅಕ್ಕ


ಏಪ್ರಿಲ್ 22

ಅಕ್ಕಾ,

ಈಗ ತಾನೇ ನಿನ್ನ ಹದಿಮೂರರ ಪತ್ರ ಸಿಕ್ಕಿತು. ಮಲಗಿದ್ದಾಳೆ, ನೆಗಡಿ ಅಷ್ಟೇ. ಹತ್ತು ಸಲ ಓದಿದೆ. ನೆಗಡಿ ಎಂದರೆ ನೆಗಡಿಯೇ ಇರಬೇಕು, ಅಲ್ಲವೇ? ಜ್ವರ ಎಂದು ನೀನೂ ಬರೆದಿಲ್ಲ.

ನಾನು ಒಂಬತ್ತರಂದು ಬರೆದ ಪತ್ರವೊಂದು ಬಂದರೆ ಒಡೆಯಬೇಡ. ಒಡೆದಿದ್ದರೆ ಹರಿದುಹಾಕು. ಶೆಡ್ಡಿನಲ್ಲಿ ಒಂಟಿಯಾಗಿ ಕೂತು ಇಲ್ಲದ್ದೆಲ್ಲ ಯೋಚಿಸಿ ಬರೆದದ್ದು. ಅವಳು ಚೆನ್ನಾಗಿದ್ದಾಳೆ ಎಂದ ಮೇಲೆ ಆ ಮಾತು ಯಾರ ಕಿವಿಗೂ ಬೀಳುವುದು ಬೇಡ.

ಪಾಸು ಕೈಗೆ ಬಂದಿದೆ. ಇಪ್ಪತ್ತಾರಕ್ಕೆ ಹೊರಡುತ್ತೇನೆ, ಇಪ್ಪತ್ತೇಳಕ್ಕೆ ಗೇಟಿನಲ್ಲಿರುತ್ತೇನೆ. ಮೇ ಮೊದಲ ವಾರಕ್ಕೆ ಇನ್ನೂ ಸಮಯವಿದೆ. ಈ ಸಲ ಮಾತು ಉಳಿಸಿಕೊಂಡೆ.

ಗುಬ್ಬಿ


ಏಪ್ರಿಲ್ 25

ತಮ್ಮನಿಗೆ,

ಗೇಟು ತೆರೆದ ದಿನವೇ ನೀನು ಬರುತ್ತೀಯ ಎಂದು ಗೊತ್ತು. ಬಂದವರನ್ನು ಒಂದು ದಿನ ಗೇಟಿನ ಶೆಡ್ಡಿನಲ್ಲಿ ಕೂರಿಸುತ್ತಾರೆ. ಅದಕ್ಕೆ ಇದನ್ನು ಅಂಚೆಗೆ ಹಾಕದೆ ಅಲ್ಲಿಯ ಗುಮಾಸ್ತರ ಕೈಗೆ ಕೊಡುತ್ತಿದ್ದೇನೆ. ಕೂತುಕೊಂಡು ಓದು.

ಅವಳು ಹೋದಳು. ಹದಿನೈದಕ್ಕೆ ಆಸ್ಪತ್ರೆಗೆ ಒಯ್ದರು, ಹದಿನೇಳರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋದಳು. ಮಗುವನ್ನು ತೆಗೆದರು, ಅದೂ ಉಳಿಯಲಿಲ್ಲ. ಹೆಣ್ಣು. ನನ್ನನ್ನು ಒಳಗೆ ಬಿಡಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದೆ, ಒಬ್ಬ ನರ್ಸ್ ಕಿಟಕಿಗೆ ಬಂದು ಕೈಯಲ್ಲಿ ಇಲ್ಲ ಎಂದು ತೋರಿಸಿದಳು.

ನಿನ್ನ ಒಂಬತ್ತರ ಪತ್ರ ನನಗೆ ಸಿಕ್ಕಿದ್ದು ಹದಿನೆಂಟಕ್ಕೆ. ಹದಿಮೂರಕ್ಕೇ ಊರ ಗೇಟಿಗೆ ಬಂದ ಮುದ್ರೆ ಇದೆ. ಐದು ದಿನ ಬಿಸಿ ಕೋಣೆಯಲ್ಲಿತ್ತು. ಕೂತು ಲೆಕ್ಕ ಹಾಕಿದೆ. ಬಿಸಿ ಕೋಣೆ ಇಲ್ಲದಿದ್ದರೂ, ಮೂರರ ಪತ್ರದಲ್ಲೇ ನೀನು ನಿಜ ಬರೆದಿದ್ದರೂ ತಡವಾಗುತ್ತಿತ್ತು, ಅವಳು ಹನ್ನೊಂದಕ್ಕೇ ಮಲಗಿದ್ದಳು. ನೀನು ಮಾರ್ಚ್ ಎಂಟಕ್ಕೆ ಹೇಳಬೇಕಾಗಿತ್ತು. ಇದನ್ನು ಸಮಾಧಾನಕ್ಕೆಂದೂ ಬರೆಯುತ್ತಿಲ್ಲ, ಚುಚ್ಚಲೆಂದೂ ಬರೆಯುತ್ತಿಲ್ಲ. ಲೆಕ್ಕ ಹಾಗಿದೆ. ನನ್ನ ಲೆಕ್ಕವನ್ನೂ ಹಾಕಿದೆ. ಒಂದೇ ಗಂಟನ್ನು ಒಂದೇ ದಿನ ಮೂರು ಮುಖಗಳ ಮೇಲೆ ನೋಡಿ, ಅದನ್ನು ತಮಾಷೆ ಮಾಡಿ ನಿನಗೆ ಬರೆದವಳು ನಾನು. ಜನ ಒಳ್ಳೆಯವರಾಗಿದ್ದಾರೆ ಎಂದು ನಂಬಲು ಎಷ್ಟು ಆಸೆಯಿತ್ತೆಂದರೆ ನನ್ನ ಕಣ್ಣೇ ನನಗೆ ಬೇಡವಾಯಿತು.

ಪತ್ರ ಓದಿ ಮೊದಲ ಸಲ ತಿರುವಿನಾಚೆ ನಡೆದು ಹೋದೆ. ಕಾಜಾನ ಅಂಗಡಿಗೆ ಬೀಗ, ಅವನೂ ಆಸ್ಪತ್ರೆಯಲ್ಲಿದ್ದಾನೆ. ಆದರೆ ಅಂಗಡಿಯ ಬಾಗಿಲಿಗೆ ಯಾರೋ ಮೊಳೆಗಳ ಸಾಲು ಹೊಡೆದಿದ್ದಾರೆ, ಕೆಳಗೆ ಸ್ಟುಡಿಯೋ ಗೋಡೆಗೂ ಅಷ್ಟೇ. ಇಳಿಯುವವರು ಇಲ್ಲಿಂದ ಮಾಸ್ಕ್ ತೆಗೆದು ಅಲ್ಲಿ ತೂಗುಹಾಕುತ್ತಾರೆ, ಹತ್ತುವವರು ಅಲ್ಲಿಂದ ತೆಗೆದು ಇಲ್ಲಿ. ವಾಪಸ್ ತರಲು ಯಾರೂ ಬೇಕಾಗಿಲ್ಲ, ತಾನಾಗೇ ನಡೆಯುತ್ತದೆ. ಮೊದಲ ದಿನದಿಂದಲೂ ಹೀಗೇ ನಡೆಸಬಹುದಾಗಿತ್ತು. ಅವಳು ಆ ಚೀಲವನ್ನು ಹೊರಬೇಕಾಗಿಯೇ ಇರಲಿಲ್ಲ.

ಸೀದಾ ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ನಿನ್ನ ಹೆಸರನ್ನೂ ಬಿಡಲಿಲ್ಲ. ಅವರು ತಾಳ್ಮೆಯಿಂದ ಕೇಳಿದರು.

"ಇವತ್ತು ಎಷ್ಟು ಬರ್ದಿದ್ದೀರಿ?"

"ತೊಂಬತ್ತಮೂರು."

"ಮುಖದ ಮೇಲೆ ಮಾಸ್ಕ್ ಇತ್ತೋ ಇಲ್ವೋ?"

"ಇತ್ತು. ಆದ್ರೆ ಅದು..."

"ಅದು ಯಾರದ್ದು ಅಂತ ಎಣಿಸೋಕೆ ನಿಮ್ಮನ್ನ ಕೂರಿಸಿಲ್ಲ ಮೇಡಂ. ಆದೇಶ ಹೊರಟಾಯ್ತು. ನಿಮ್ಮ ಮನೇಲಿ ಸಾವಾಗಿದೆ, ಎರಡು ದಿನ ರಜೆ ತಗೊಳಿ."

ಹಾಗಾಗಿ ಗೇಟು ತೆರೆಯುತ್ತದೆ. ನಿನ್ನ ಹೆಸರು ಎಲ್ಲೂ ಬರೆದುಕೊಳ್ಳಲಿಲ್ಲ, ಭಯ ಬೇಡ.

ನಿನ್ನ ಮೇಲೆ ಕೋಪ ಬರಲಿ ಎಂದು ಕಾಯುತ್ತಿದ್ದೇನೆ. ಅವಳು ನನ್ನ ಮುಂದೆಯೇ ಚೀಲ ಹೊತ್ತು ಹಾದುಹೋಗುತ್ತಿದ್ದದ್ದು ನೆನಪಾಗುತ್ತದೆ, ಅಲ್ಲಿಗೆ ಎಲ್ಲ ನಿಲ್ಲುತ್ತದೆ.

ಒಂದು ಕೆಲಸ ಉಳಿದಿದೆ. ಅವರಿಬ್ಬರನ್ನೂ ಊರಾಚೆ ಸರಕಾರದವರೇ ಮಣ್ಣು ಮಾಡಿದ್ದಾರೆ. ಜಾಗದ ನಂಬರು ಬೇಕಾದರೆ ಒಂದು ಫಾರಂ ತುಂಬಬೇಕು. ವಯಸ್ಸು, ವಿಳಾಸ, ಕಾಯಿಲೆ ಬಿದ್ದ ದಿನ ಎಲ್ಲ ತುಂಬಿದ್ದೇನೆ. ಐದನೆಯ ಪ್ರಶ್ನೆ, ಮೃತರು ಆರೋಗ್ಯ ನಿಯಮಗಳನ್ನು ಪಾಲಿಸುತ್ತಿದ್ದರೇ ಎಂದು. ಅದೊಂದನ್ನು ಖಾಲಿ ಬಿಟ್ಟು ಕಚೇರಿಯ ಗುಮಾಸ್ತನ ಮುಂದಿಟ್ಟೆ. ಗುಮಾಸ್ತ ಹೇಳಿದ, "ನಿಮ್ಮ ಹಾಳೆಗಳಲ್ಲೇ ಇದೆಯಲ್ಲ ಮೇಡಂ, ಹೌದು ಅಂತ ಬರೀರಿ." ಹೌದು ಎಂದು ಬರೆದೆ.

ಅದರ ಕೆಳಗೆ ಗಂಡನ ಸಹಿ ಆಗಬೇಕಂತೆ. ನಿನಗೆ ಜಾಗ ಬಿಟ್ಟಿದ್ದಾರೆ. ಕಚೇರಿ ಹತ್ತರಿಂದ ಒಂದರ ತನಕ ತೆರೆದಿರುತ್ತದೆ. ಬಂದು ಹಾಕು.

ಅಕ್ಕ